ಬಿಷಪ್ಪರ ಪಾಲು

ಮೇಲಿನ ಸಾಲಿನಲ್ಲಿ ಉಳಿದಿದ್ದ ಒಂದೇ ಒಂದು ಮುಂದಿನ ಹಲ್ಲು ಇವತ್ತೇ ಅಲ್ಲಾಡಬೇಕಿತ್ತೇ ಎಂದು ಥಿಯೆಮೊ ನಾಲಿಗೆಯ ತುದಿಯಿಂದ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮುಟ್ಟಬಾರದು ಅಂದುಕೊಂಡಷ್ಟೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ ಉಳಿದ ಗುರುಗಳೆಲ್ಲ ಕೈ ಕಾಯಿಸಿಕೊಳ್ಳಲು ಅಡುಗೆಮನೆಯ ಕಡೆ ಹೋಗಿಯಾಗಿತ್ತು. ಅವನೊಬ್ಬ ದೊಡ್ಡ ಇಗರ್ಜಿಯ ತಣ್ಣನೆಯ ನೆಲದ ಮೇಲೆ, ಬಿಷಪ್ ಗೆರ್ವಿನರ ಸಮಾಧಿಯ ಪಕ್ಕದಲ್ಲಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಹೊರಗೆ ವೇಸರ್ ಹೊಳೆಯಿಂದ ಎದ್ದ ಮಂಜು ಕಿಟಕಿಗಳಿಗೆ ಅಂಟಿಕೊಂಡು, ಬೆಳಕು ಬಂದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಇವತ್ತು ಬಿಷಪ್ಪರ ವರ್ಷದ ದಿನ. ಬಲಿಪೂಜೆಯಲ್ಲಿ ಅವರ ಹೆಸರಿನ ಪ್ರಾರ್ಥನೆಯನ್ನು ಹಾಡಬೇಕಾದವನು ಥಿಯೆಮೊ. ಅವರು ಸತ್ತಾಗಿನಿಂದ ಪ್ರತಿ ವರ್ಷವೂ ಅವನೇ ಹಾಡಿದ್ದಾನೆ, ಕಪ್ಪು ನಿಲುವಂಗಿ ತೊಟ್ಟು. ಈ ವರ್ಷ ಮಾತ್ರ ಏನನ್ನು ಹಾಡುವುದು ಎಂಬುದೇ ತೀರ್ಮಾನವಾಗಿರಲಿಲ್ಲ. ಅಥವಾ ತೀರ್ಮಾನವಾಗಿತ್ತು, ಅವನಿಗೆ ಇನ್ನೂ ಹೇಳಿರಲಿಲ್ಲ ಅಷ್ಟೆ. ಅವನಿಗೆ ಎಲ್ಲವನ್ನೂ ಕೊನೆಗೇ ಹೇಳುವುದು ಇತ್ತೀಚೆಗೆ ರೂಢಿಯಾಗಿತ್ತು.

ಚಳಿ ಶುರುವಾಗುವ ಮುಂಚೆ, ಸಂತ ಮೈಕೇಲರ ಹಬ್ಬಕ್ಕೆ ಬಂದ ಹೊಸ ಕಲ್ಲು ಇನ್ನೂ ಬೆಳ್ಳಗೆ, ಅಂಗಡಿಯಿಂದ ತಂದದ್ದರ ಹಾಗೆ ಇತ್ತು. ಅದರ ಮೇಲೆ ಬಿಷಪ್ಪರು ಉದ್ದಕ್ಕೆ ಮಲಗಿದ್ದರು, ಕೈಯಲ್ಲಿ ದಂಡ, ಕಾಲ ಕೆಳಗೆ ಸಿಂಹ. ಕಲ್ಲು ಕೆತ್ತಿದವನು ಬಿಷಪ್ಪರನ್ನು ಕಂಡವನಲ್ಲ, ಎಲ್ಲೋ ದೂರದ ರೈನ್ ನದಿಯ ಕಡೆಯವನು. ಅವನಿಗೆ ಬಿಷಪ್ ಎಂದರೆ ಹೇಗಿರಬೇಕೋ ಹಾಗೆ ಕೆತ್ತಿದ್ದ. ನುಣ್ಣನೆಯ ಕೆನ್ನೆ, ತುಟಿಯ ಮೂಲೆಯಲ್ಲಿ ನಗು, ಎರಡೂ ಕಣ್ಣು ಸಮನಾಗಿ ಮುಚ್ಚಿದ್ದವು. ಎಡಗಣ್ಣಿನ ರೆಪ್ಪೆ ಜೋತುಬಿದ್ದು ಅವರು ಯಾವಾಗಲೂ ಅರ್ಧ ನಿದ್ದೆಯಲ್ಲಿದ್ದಂತೆ, ಅರ್ಧ ಅನುಮಾನದಲ್ಲಿದ್ದಂತೆ ಕಾಣುತ್ತಿದ್ದದ್ದು ಇಲ್ಲಿಲ್ಲ. ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು ಮತ್ತೆ ಕರಗಿಸಿ ಉರಿಸುತ್ತಿದ್ದ ಜಿಪುಣತನ, ಕುದುರೆಗೆ ಹೆದರಿ ನದಿಯ ದಾರಿಯಲ್ಲೇ ಊರೂರು ತಿರುಗುತ್ತಿದ್ದದ್ದು, ತೋಟದ ಪೇರಳೆ ಹಣ್ಣನ್ನು ಯಾರಿಗೂ ಕೊಡದೆ ಕೊಳೆಸಿ ಆಮೇಲೆ ಬೇಜಾರು ಮಾಡಿಕೊಳ್ಳುತ್ತಿದ್ದದ್ದು, ಇವನ್ನೆಲ್ಲ ಕಲ್ಲಿನಲ್ಲಿ ತೋರಿಸುವುದು ಹೇಗೆ, ಯಾಕೆ? ಸಮಾಧಿಯ ಪಕ್ಕದ ಗೋಡೆಯಲ್ಲಿ ಸಣ್ಣದಾಗಿ ಒಂದು ಚಿತ್ರ ಕೆತ್ತಿತ್ತು: ಊರ ಬಾಗಿಲು ಹಾರು ಹೊಡೆದಿದೆ, ಬಿಷಪ್ಪರು ಬುಟ್ಟಿಯಿಂದ ರೊಟ್ಟಿ ಎತ್ತಿ ಬಡವರಿಗೆ ಕೊಡುತ್ತಿದ್ದಾರೆ. ಬಾಗಿಲು ತೆರೆದೇ ಇದೆ. ಕಲ್ಲಿನಲ್ಲಿ ಅದು ಇನ್ನು ಯಾವತ್ತೂ ಮುಚ್ಚುವುದಿಲ್ಲ. ಆ ಬಾಗಿಲು ಕಣ್ಣಿಗೆ ಬಿದ್ದಾಗಲೆಲ್ಲ ಥಿಯೆಮೊ ಮುಖ ತಿರುಗಿಸಿ ಸಿಂಹದ ಬಾಲವನ್ನು ನೋಡುತ್ತಿದ್ದ.

ಸಿಂಹದ ಬಾಲದ ಹತ್ತಿರ ಕರಕರ ಸದ್ದಾಯಿತು. ಬಗ್ಗಿ ನೋಡಿದರೆ, ರೊಟ್ಟಿ ಸುಡುತ್ತಿದ್ದ ಗೋಟ್ಸ್‌ಮನ್ನನ ವಿಧವೆ ಯೂಟಾ ನೆಲದ ಮೇಲೆ ಕೂತು, ಹಿಟ್ಟು ಕೆರೆಯುವ ಚಾಕುವಿನಿಂದ ಬಿಷಪ್ಪರ ಹಿಮ್ಮಡಿಯನ್ನು ಕೆರೆಯುತ್ತಿದ್ದಳು.

"ಯಾರದು? ಓ, ಥಿಯೆಮೊ ಗುರುಗಳಾ! ಸದ್ಯ. ಬಾಗಿಲು ಕಾಯೋ ಆ ವಿಪ್ರೆಕ್ಟ್ ಬಂದ ಅಂತ ಎದೆ ಹೊಡ್ಕೊಂಡ್ಬಿಡ್ತು."

"ಏನಮ್ಮಾ ಇದು?"

"ಒಂಚೂರು ಪುಡಿ ಸ್ವಾಮಿ. ಸೊಸೆಗೆ ಕೆಮ್ಮು. ಬಿಯರಿಗೆ ಹಾಕಿ ಕುಡಿಸ್ತೀನಿ."

"ಇದು ಮೊನ್ನೆ ಬಂದ ಕಲ್ಲು. ಬಿಷಪ್ಪರ ಮೈ ಇದಕ್ಕೆ ತಾಗಿಯೇ ಇಲ್ಲ."

"ಅಯ್ಯೋ, ಕೆಳಗಿಂದ ಏರಿರತ್ತೆ ಬಿಡಿ. ತೇವ ಏರಲ್ವಾ ಗೋಡೆಗೆ?" ಎಂದು ಯೂಟಾ ಪುಡಿಯನ್ನು ಬಟ್ಟೆಯ ಚೂರಿಗೆ ಸುರಿದುಕೊಂಡಳು. "ಪಕ್ಕದ ಬೀದಿ ಮೆಖ್ಟಿಲ್ಡಳ ಕಾಲು ವಾಸಿ ಆಯ್ತಂತೆ. ಅವಳಿಗೇ ಆಯ್ತು ಅಂದ್ರೆ ನಮಗೆ ಆಗಲ್ವಾ? ನೀವು ಬಿಡಿ, ಪುಣ್ಯ ಮಾಡಿದ್ರಿ, ಅವರ ಜೊತೆಗೇ ಇದ್ರಿ. ನಾನೂ ಆ ಕೈಯಿಂದ ರೊಟ್ಟಿ ಇಸ್ಕೊಂಡಿದೀನಿ ಬರಗಾಲದಲ್ಲಿ. ನಮ್ಮ ಮನೇಲಿ ಒಲೆ ಇತ್ತು, ಹಿಟ್ಟಿರಲಿಲ್ಲ."

"ರೊಟ್ಟಿ ಕೊಡೋಕೆ ಮೊದಲು ಬಾಗಿಲು ಹಾಕಿತ್ತಲ್ಲ, ಅದು ನೆನಪಿದೆಯಾ?"

ಯೂಟಾ ಚಾಕುವನ್ನು ಲಂಗಕ್ಕೆ ಒರೆಸಿ ಅವನ ಮುಖ ನೋಡಿದಳು. ಅವಳ ನೋಟದಲ್ಲಿ ಕೋಪವಿರಲಿಲ್ಲ, ವಯಸ್ಸಾದವನು ಏನೋ ಕೇಳುತ್ತಾನೆ ಎಂಬ ಕರುಣೆ ಮಾತ್ರ ಇತ್ತು. "ಹಾಕ್ದೆ ಇನ್ನೇನು ಮಾಡ್ತಾರೆ? ಹಾಕಿದ್ದಕ್ಕೇ ತಾನೇ ನಾವು ಉಳಿದದ್ದು. ಅದೂ ಅವರ ದಯೆನೇ. ಹೋಗಲಿ, ಇವತ್ತು ಸಂತರ ಬಿಳೀ ಬಟ್ಟೆನೇ ತಾನೆ? ಮತ್ತೆ ಕಪ್ಪು ಹಾಕ್ಕೊಂಡು ಅಳಿಸಬೇಡಿ ನಮ್ಮನ್ನ. ಸಂತರಿಗೋಸ್ಕರ ನಾವು ಬೇಡ್ಕೊಳ್ಳೋದಾ? ಅವರಿಗೆ ಅವಮಾನ ಅಲ್ವಾ ಅದು? ಅವರ ಹತ್ರ ನಾವು ಬೇಡ್ಬೇಕು."

ಎಲ್ಲ ಗೊತ್ತಿದೆ ಇವಳಿಗೆ ಎಂದು ಥಿಯೆಮೊ ದಣಿವಿನಿಂದ ಅಂದುಕೊಂಡ. ಇಡೀ ಊರಿಗೇ ಗೊತ್ತಿದೆ. ಇಡೀ ಪ್ರಾರ್ಥನೆ ನಿಂತಿರುವುದು ಒಂದು ಮಾತಿನ ಮೇಲೆ. ಸತ್ತವರೆಲ್ಲರ ಹೆಸರಿನಲ್ಲಿ ಹಾಡುವುದು 'ಇವರಿಗಾಗಿ' ಎಂದು: ದೇವರೇ, ಇವರಿಗಾಗಿ ಬೇಡುತ್ತೇವೆ, ಇವರನ್ನು ಕ್ಷಮಿಸು. ಸಂತರ ಹೆಸರಿನಲ್ಲಿ ಹಾಡುವುದು 'ಇವರ ಮೂಲಕ' ಎಂದು: ದೇವರೇ, ಇವರ ಮೂಲಕ ಬೇಡುತ್ತೇವೆ, ನಮ್ಮನ್ನು ಕ್ಷಮಿಸು. ಲ್ಯಾಟಿನ್ನಿನಲ್ಲಿ ಅದು ಒಂದು ಪುಟ್ಟ ಮಾತು, ಬಾಯಿಂದ ಜಾರಿದರೂ ಜಾರಬಹುದಾದಷ್ಟು ಚಿಕ್ಕದು. ಆದರೆ ಒಮ್ಮೆ 'ಇವರ ಮೂಲಕ' ಎಂದು ಹಾಡಿಬಿಟ್ಟರೆ ಮತ್ತೆ 'ಇವರಿಗಾಗಿ' ಎಂದು ಹಾಡುವಂತಿಲ್ಲ. ಸ್ವರ್ಗ ಸೇರಿದವನಿಗಾಗಿ ಬೇಡುವುದು ಅವನು ಸೇರಿದ್ದಾನೋ ಇಲ್ಲವೋ ಎಂದು ಅನುಮಾನಿಸಿದ ಹಾಗೆ. ಅಲ್ಲಿಗೆ ಆ ಸತ್ತವನಿಗಾಗಿ ಭೂಮಿಯ ಮೇಲೆ ಯಾರೂ ಬಾಯಿ ತೆರೆಯುವುದಿಲ್ಲ. ಯೂಟಾ ಎದ್ದು, ಮಂಡಿ ತಿಕ್ಕಿಕೊಂಡು, ಬಿಷಪ್ಪರ ಕಲ್ಲಿನ ಕಾಲಿಗೆ ಮುತ್ತಿಟ್ಟು, ಅದೇ ತುಟಿಯಲ್ಲಿ "ಹಲ್ಲಿಗೆ ಲವಂಗ ಇಟ್ಕೊಳ್ಳಿ ಸ್ವಾಮಿ, ದವಡೆ ಊದಿದೆ" ಎಂದು ಹೇಳಿ ಹೋದಳು.

ಬರಗಾಲದ ಆ ಚಳಿಗಾಲದಲ್ಲಿ ಅವನ ಬಾಯಲ್ಲಿ ಹಲ್ಲೆಲ್ಲ ಇದ್ದವು. ಹೊಳೆಯ ಮೇಲ್ಭಾಗದ ಹಳ್ಳಿಗಳಿಂದ ಜನ ಮಂಜುಗಟ್ಟಿದ ನೀರಿನ ಅಂಚಿನಲ್ಲೇ ನಡೆದುಕೊಂಡು ಬಂದಿದ್ದರು. ಬಿಷಪ್ಪರದೇ ಹಳ್ಳಿಗಳು, ಬಿಷಪ್ಪರದೇ ಜನ. ಕಣಜದಲ್ಲಿ ಇದ್ದದ್ದು ಊರಿನವರಿಗೇ ಸಾಲದು ಎಂದು ಗುರುಮಂಡಲಿ ಹೇಳಿತ್ತು. ಹೊಳೆಯ ಕೆಳಭಾಗದಿಂದ ಧಾನ್ಯದ ದೋಣಿಗಳು ಬರುವವರೆಗೆ ಬಾಗಿಲು ತೆರೆಯಬೇಡಿ, ಬಂದವರಲ್ಲಿ ಜ್ವರವೂ ಇದೆಯಂತೆ. ಬಿಷಪ್ಪರು ಬಾಗಿಲ ಗೋಪುರದ ಕೋಣೆಯಲ್ಲಿ ಕೈಗಳನ್ನು ಅಂಗಿಯ ತೋಳೊಳಗೆ ತೂರಿಸಿಕೊಂಡು ಕೂತಿದ್ದರು. ಏಳಲಿಲ್ಲ. "ನೀನು ಹೇಳು ಥಿಯೆಮೊ. ನಿನ್ನ ಗಂಟಲು ದೊಡ್ಡದು." ಅವನು ಹತ್ತಿ ಹೋದ. ಕೆಳಗೆ ಹಿಮದ ಮೇಲೆ ತಲೆಗಳು, ಕಂಬಳಿಗಳು, ಒಂದು ಎತ್ತಿಲ್ಲದ ಗಾಡಿ. ಬಾಯಿ ತೆರೆದು ಕೂಗಿದ: ಬಾಗಿಲು ತೆರೆಯುವುದಿಲ್ಲ, ಹಿಂದಕ್ಕೆ ಹೋಗಿ. ಹಿಮ ಬಿದ್ದ ಬಯಲಿನಲ್ಲಿ ಎಲ್ಲೂ ಒಡೆಯದೆ, ಒಂದು ಘಂಟೆಯ ಹಾಗೆ, ಆ ದನಿ ಹೊಳೆಯ ಆಚೆ ದಡಕ್ಕೂ ಹೋಯಿತು. ಕೆಳಗಿನಿಂದ ಒಬ್ಬ ಹೆಂಗಸು, ಯಾವಾಗ ತೆಗೀತೀರಾ, ಎಂದು ಕೇಳಿದಳು. ಜಗಳಕ್ಕೆ ಬಂದವಳಂತಲ್ಲ, ಅಂಗಡಿಯವನನ್ನು ಕೇಳುವಂತೆ ಕೇಳಿದಳು. ಉತ್ತರವಿಲ್ಲದ್ದಕ್ಕೆ ಮೊದಲಿನ ಮಾತನ್ನೇ ಮತ್ತೆ ಕೂಗಿದ. ಅದಷ್ಟೇ ಕಾರಣವಾಗಿರಲಿಲ್ಲ. ಮೊದಲ ಸಲ ದನಿ ಅಷ್ಟು ಚೆನ್ನಾಗಿ ಬಂದದ್ದಕ್ಕೂ ಕೂಗಿದ. ಈ ಒಂದು ವಿಷಯವನ್ನು ಅವನು ಪಾಪನಿವೇದನೆಯಲ್ಲೂ ಯಾರಿಗೂ ಹೇಳಿರಲಿಲ್ಲ. ಬಾಗಿಲು ಮುಚ್ಚಿದ್ದು ಅಪ್ಪಣೆ, ಅದನ್ನು ಹೇಳಬಹುದು. ದನಿ ಚೆನ್ನಾಗಿ ಬಂತೆಂದು ಒಳಗೆ ಹಿಗ್ಗಿದ್ದನ್ನು ಹೇಳುವುದು ಹೇಗೆ?

ಥಿಯೆಮೊ ಇಗರ್ಜಿಯ ಉಡುಪಿನ ಕೋಣೆಗೆ ಬಂದಾಗ ಅಲ್ಲಿ ಬಿಳಿಯ ನಿಲುವಂಗಿ ಹರಡಿತ್ತು. ಗುರುಮಂಡಲಿಯ ಮುಖ್ಯಸ್ಥ ಮಾರ್ಕ್ವಾರ್ಡ್ ಅದರ ಅಂಚಿನ ಜರಿಯನ್ನು ಬೆರಳಿನಿಂದ ನೇವರಿಸುತ್ತ ನಿಂತಿದ್ದ. ಥಿಯೆಮೊನಿಗಿಂತ ತುಂಬಾ ಚಿಕ್ಕವನು. ಯಾವುದೋ ಕಾಲದಲ್ಲಿ ಸ್ವರ ತಪ್ಪಿದ್ದಕ್ಕೆ ಥಿಯೆಮೊನ ಕೈಯಲ್ಲೇ ಕಿವಿ ಹಿಂಡಿಸಿಕೊಂಡಿದ್ದವನು. ಈಗಲೂ ಮಾತಾಡುವಾಗ ಅವನ ಕೈ ಆಗಾಗ ಕಿವಿಯ ಹತ್ತಿರ ಹೋಗುತ್ತಿತ್ತು.

"ಬನ್ನಿ ಬನ್ನಿ. ಹಲ್ಲು ಹೇಗಿದೆ? ನಿನ್ನೆ ನೀವು ಹಾಡೋವಾಗ ಮುಂದಿನ ಸಾಲಿನವರಿಗೆ ತೀರ್ಥ ಬೇರೆ ಬೇಕಾಗಲಿಲ್ಲ" ಎಂದು ನಕ್ಕ. ಕೋಣೆಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಥಿಯೆಮೊ ಕೂಡ ನಕ್ಕ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಯಾವಾಗ ಶುರುವಾಯಿತೆಂದು ಅವನಿಗೇ ಗೊತ್ತಿರಲಿಲ್ಲ.

"ಬಿಳೀದಾ?" ಎಂದು ಕೇಳಿದ.

"ಬಿಳೀದೇ. ಮಂಡಲಿ ಒಪ್ಪಿದೆ. ಹೊಸ ಬಿಷಪ್ಪರೂ ಹೂಂ ಅಂದಿದ್ದಾರೆ. ಇವತ್ತಿಂದ ಸಂತರ ಪ್ರಾರ್ಥನೆ, 'ಇವರ ಮೂಲಕ'. ನೀವೇ ಹಾಡಿ. ನೀವು ಅವರ ಜೊತೆ ಇದ್ದವರು, ನಿಮ್ಮ ಬಾಯಲ್ಲಿ ಬಂದರೆ ಅದಕ್ಕೆ ಒಂದು ಬೆಲೆ. ಮುಂದಿನ ವರ್ಷದಿಂದ ಬೇರೆ ಯಾರಾದ್ರೂ ಹಾಡ್ತಾರೆ, ನಿಮಗೂ ವಿಶ್ರಾಂತಿ ಬೇಕಲ್ಲ."

"ಅವರು ಬೇಡ ಅಂದಿದ್ದರು ಮಾರ್ಕ್ವಾರ್ಡ್. ಕೊನೇಲಿ ನನ್ನ ಹತ್ರ ಹೇಳಿದ್ದರು. ನನಗಾಗಿ ಬೇಡೋದನ್ನ ನಿಲ್ಲಿಸಬೇಡಿ ಅಂತ."

"ಹೇಳಿರ್ತಾರೆ." ಮಾರ್ಕ್ವಾರ್ಡ್ ಸಿಟ್ಟಾಗಲಿಲ್ಲ. ಅವನ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ತಾನು ಪಾಪಿ ಅಂತ ಹೇಳ್ಕೊಳ್ಳದ ಸಂತ ಯಾರಿದ್ದಾರೆ ಹೇಳಿ? ಅದೇ ತಾನೇ ಗುರುತು. ತಾನು ಒಳ್ಳೆಯವನು ಅಂದಿದ್ದರೆ ಆಗ ನಾನೂ ಯೋಚನೆ ಮಾಡ್ತಿದ್ದೆ."

ಪಾಪಿ ಎಂದರೆ ಸಂತ, ಸಂತ ಎಂದರೂ ಸಂತ. ಹೊರಗೆ ಬರುವ ದಾರಿಯೇ ಇಲ್ಲದ ಮಾತು. ಥಿಯೆಮೊ ನಾಲಿಗೆಯಿಂದ ಹಲ್ಲನ್ನು ತಳ್ಳಿದ. ಅದು ಒಂದು ಕಡೆಗೆ ವಾಲಿತು.

"ಜನಕ್ಕೆ ಒಬ್ಬರು ಬೇಕು ಗುರುಗಳೇ" ಎಂದು ಮಾರ್ಕ್ವಾರ್ಡ್ ದನಿ ತಗ್ಗಿಸಿ ಹೇಳಿದ. "ಕೆಮ್ಮು ಬಂದರೆ, ಕರು ಸತ್ತರೆ, ಯಾರ ಹತ್ರ ಹೋಗ್ಬೇಕು ಅವರು? ನಮ್ಮ ಹತ್ರಾನಾ? ಆಮೇಲೆ, ಮಧ್ಯಾಹ್ನ ಊಟದಲ್ಲಿ ಪಾಲು ಇಡೋದು ಬೇಡ ಅಂತ ಅಡುಗೆಯವನಿಗೆ ಹೇಳಿದೀನಿ. ಸಂತರು ಊಟ ಮಾಡಲ್ಲ."

ಪಾಲು. ಅದು ಥಿಯೆಮೊನಿಗೆ ಹೊಳೆದಿರಲೇ ಇಲ್ಲ. ಸತ್ತವರ ವರ್ಷದ ದಿನ ಊಟದ ಮನೆಯಲ್ಲಿ ಅವರ ಜಾಗದಲ್ಲಿ ತಟ್ಟೆ ಇಡುತ್ತಾರೆ, ಬದುಕಿದ್ದಾಗ ಕೊಡುತ್ತಿದ್ದಷ್ಟೇ ರೊಟ್ಟಿ, ಮೀನು, ಬಿಯರು. ಒಬ್ಬ ಬಡವನನ್ನು ಕರೆದು ಅಲ್ಲಿ ಕೂರಿಸುತ್ತಾರೆ. ಅವನು ತಿಂದು ಮುಗಿಸಿ, ಎದ್ದು ನಿಂತು, ಇದು ಯಾರ ಪಾಲೋ ಅವರ ಹೆಸರು ಹಿಡಿದು, ದೇವರು ಇವರ ಮೇಲೆ ಕರುಣೆ ಇಡಲಿ, ಎನ್ನಬೇಕು. ತಿನ್ನುವ ಮೊದಲಲ್ಲ, ತಿಂದ ಮೇಲೆ. ಹೊಟ್ಟೆ ತುಂಬಿದವನ ಮಾತು ದೇವರಿಗೆ ಬೇಗ ಕೇಳುತ್ತದೆಂದು ಹಿಂದಿನವರು ಮಾಡಿದ್ದು. ಬಿಷಪ್ ಗೆರ್ವಿನರ ಪಾಲನ್ನು ತಿನ್ನುತ್ತಿದ್ದವನು ಬ್ರೂನಿಂಗ್ ಎಂಬ ಮುದುಕ, ಹಿಂದೆ ತೆಪ್ಪ ನಡೆಸುತ್ತಿದ್ದವನು, ಹೊಳೆಯ ಮೇಲಿನ ಹಳ್ಳಿಯವನು. ಬೇರೆ ಯಾರನ್ನೂ ಕೂರಿಸಬಾರದು, ಆ ಹಳ್ಳಿಗಳಿಂದ, ಆ ಚಳಿಗಾಲದಲ್ಲಿ ಬಾಗಿಲ ಹೊರಗೆ ಉಳಿದವರೇ ಆಗಬೇಕು ಎಂದು ಬಿಷಪ್ಪರು ಥಿಯೆಮೊನಿಗೆ ಹೇಳಿ ಹೋಗಿದ್ದರು. ಮಂಡಲಿಗೆ ಅದು ಗೊತ್ತಿಲ್ಲ. ಅವರ ಕಣ್ಣಿಗೆ ಬ್ರೂನಿಂಗ್ ಯಾರೋ ಒಬ್ಬ ಬಡವ, ವಾಸನೆ ಸ್ವಲ್ಪ ಜಾಸ್ತಿ ಅಷ್ಟೆ.

"ತೋಳು ಎತ್ತಿ" ಎಂದು ಮಾರ್ಕ್ವಾರ್ಡ್ ತಾನೇ ಅವನಿಗೆ ಬಿಳಿಯ ನಿಲುವಂಗಿ ತೊಡಿಸಿದ. ಬಿಷಪ್ಪರ ಕೊನೆಯ ವಾರಗಳಲ್ಲಿ ಥಿಯೆಮೊ ಅವರಿಗೆ ಹೀಗೇ ತೊಡಿಸುತ್ತಿದ್ದ, ಒಂದೊಂದೇ ತೋಳು. ಬಾರ್ಲಿ ಗಂಜಿಯನ್ನು ಚಮಚದಲ್ಲಿ ಕುಡಿಸುವಾಗ ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು, ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕೌಂಟ್ ದೊರೆಯ ಮನೆಯ ಕಿರಿಯ ಮಗನಾಗಿ ಹುಟ್ಟಿದ್ದಕ್ಕೆ ಬಿಷಪ್ ಆದವನು ನಾನು, ಎಂದು ಅವರು ಹೇಳುತ್ತಿದ್ದರು, ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಜೇನು ಸಾಕುತ್ತಿದ್ದೆ. ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ತಳ್ಳಿ ಅವನ ಮುಂಗೈ ಹಿಡಿದುಕೊಂಡರು. ಹಿಡಿತದಲ್ಲಿ ಶಕ್ತಿಯೇ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. "ಇವರು ನನ್ನನ್ನ ಒಳ್ಳೆಯವನು ಮಾಡಿಬಿಡ್ತಾರೆ ಥಿಯೆಮೊ. ಈಗಲೇ ಹೆಂಗಸರು ನನ್ನ ಸ್ನಾನದ ನೀರು ಕೇಳ್ತಿದ್ದಾರೆ. ಸ್ವರ್ಗಕ್ಕೆ ಹೋದವನಿಗಾಗಿ ಬೇಡೋದು ನಿಲ್ಲಿಸ್ತಾರೆ, ಸರಿ. ಹೋಗದೇ ಇದ್ದವನಿಗೂ ನಿಲ್ಲಿಸಿದರೆ? ನಾನು ಅಲ್ಲಿ ಬಾಗಿಲ ಹೊರಗೆ ನಿಂತಿರ್ತೀನಿ. ನೀವು ಇಲ್ಲಿ, ಅವನು ಒಳಗಿದ್ದಾನೆ ಅಂತ ಹಾಡ್ತಾ ಇರ್ತೀರಿ." ಥಿಯೆಮೊ, ಹಾಗೆಲ್ಲ ಅನ್ನಬೇಡಿ ಪ್ರಭು, ಎಂದು ಬಟ್ಟಲನ್ನು ಮತ್ತೆ ಬಾಯಿಗೆ ಹಿಡಿದಿದ್ದ. ಆಗಲಿ, ನಿಲ್ಲಿಸುವುದಿಲ್ಲ, ಎಂದಿದ್ದ. ಗಂಜಿ ಆರುತ್ತಿತ್ತು, ಅವನಿಗೆ ನಿದ್ದೆ ಬಂದಿತ್ತು, ಮಾತು ಕೊಡುವುದು ಸುಲಭವಾಗಿತ್ತು.

ಇಗರ್ಜಿ ತುಂಬಿತ್ತು. ಒದ್ದೆ ಉಣ್ಣೆಯ, ಹಂದಿಕೊಬ್ಬಿನ, ಧೂಪದ ವಾಸನೆ. ಬಿಳಿಯ ನಿಲುವಂಗಿಯ ಸಾಲು ಹೊರಗೆ ಬಂದಾಗ ಜನರ ಬಾಯಿಂದ ಒಂದು ನಿಟ್ಟುಸಿರು ಬಂತು. ಮುಂದೆ ನಿಂತಿದ್ದ ಯೂಟಾ ಕಣ್ಣೊರೆಸಿಕೊಂಡಳು. ಥಿಯೆಮೊ ನಿರ್ಧಾರ ಮಾಡಿಕೊಂಡಿದ್ದ. ಬಿಳಿ ತೊಟ್ಟರೇನು, ಬಾಯಿ ನನ್ನದು. 'ಇವರಿಗಾಗಿ' ಎಂದೇ ಹಾಡುತ್ತೇನೆ, ಮುದುಕ, ಅಭ್ಯಾಸಬಲದಿಂದ ತಪ್ಪಿದ ಎಂದುಕೊಳ್ಳಲಿ, ಮಾರ್ಕ್ವಾರ್ಡ್ ಮುಖ ಕೆಂಪು ಮಾಡಿಕೊಳ್ಳಲಿ. ಮೆಟ್ಟಿಲು ಹತ್ತುವಾಗಲೂ ಅದೇ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ. ಧೂಪದ ಹೊಗೆ ಸರಿದು, ಎಲ್ಲರೂ ಸುಮ್ಮನಾದರು. ಅವನು ಉಸಿರು ಎಳೆದುಕೊಂಡ. ಆ ಮಾತಿನ ಹತ್ತಿರ ಬಂದಾಗ ಮುಂದಿನ ಸಾಲಿನ ಮುಖಗಳು ಕಂಡವು, ಆಸೆಯಿಂದ ಬಾಯಿ ಸ್ವಲ್ಪ ತೆರೆದ ಮುಖಗಳು. ಆ ಕ್ಷಣದಲ್ಲಿ ಹೊಸದೊಂದು ಯೋಚನೆ ಬಂತು. ಅವರು ಸಂತರಾದರೆ ಬಾಗಿಲು ಮುಚ್ಚಿದ್ದೂ ಸಂತರ ಕೆಲಸ. ಸಂತರ ಮಾತನ್ನು ಕೂಗಿ ಹೇಳಿದವನ ಮೇಲೆ ಏನು ತಪ್ಪಿದೆ? 'ಇವರ ಮೂಲಕ' ಎಂದು ಹಾಡಿದ. ತಪ್ಪಿ ಅಲ್ಲ. ಹಲ್ಲಿನ ಸಂದಿಯಿಂದ ಸಣ್ಣ ಸೀಟಿಯೊಂದು ಹೊರಟರೂ ದನಿ ಕಮಾನುಗಳವರೆಗೆ ಏರಿ ಒಡೆಯದೆ ನಿಂತಿತು, ಎಷ್ಟೋ ವರ್ಷಗಳಿಂದ ಹಾಗೆ ಬಂದಿರಲಿಲ್ಲ. ಜನ ಒಂದೇ ಸಲಕ್ಕೆ ಆಮೆನ್ ಎಂದರು. ಥಿಯೆಮೊನ ಬೆನ್ನಿನ ಮೇಲಿಂದ ಯಾವುದೋ ಮೂಟೆ ಇಳಿದಂತಾಯಿತು. ಸುಖವಾಯಿತು. ಮೆಟ್ಟಿಲು ಇಳಿದು ತನ್ನ ಜಾಗಕ್ಕೆ ಬಂದು ಕೂತ ಮೇಲೆ, ಈ ಸುಖ ತನಗೆ ಪರಿಚಯದ್ದು ಎಂದು ಹೊಳೆಯಿತು. ಗೋಪುರದ ಮೇಲೆ ನಿಂತಾಗಲೂ ಇದೇ ಆಗಿತ್ತು. ಹಲ್ಲು ನಾಲಿಗೆಯ ಮೇಲೆ ಬಿದ್ದಿತ್ತು. ಉಗುಳುವಂತಿರಲಿಲ್ಲ, ಬಾಯಲ್ಲೇ ಇಟ್ಟುಕೊಂಡು ಪೂಜೆ ಮುಗಿಯುವವರೆಗೆ ಕೂತಿದ್ದ.

ಊಟದ ಮನೆಯಲ್ಲಿ ಹಬ್ಬದ ಗದ್ದಲ. ಕೊಳದ ದಪ್ಪ ಮೀನು, ಮೂಲಂಗಿಯ ಖಾರ, ಬಿಳಿಯ ರೊಟ್ಟಿ. ಮೇಜಿನ ತಲೆಯಲ್ಲಿ ಬಿಷಪ್ ಗೆರ್ವಿನರ ವರ್ಷದ ದಿನ ಅವರ ಪಾಲಿಗೆಂದು ಹಾಕುತ್ತಿದ್ದ ಕುರ್ಚಿಯನ್ನು ಎತ್ತಿ ಗೋಡೆಯ ಬದಿಗೆ ಇಟ್ಟಿದ್ದರು. ಅದರ ಮೇಲೆ ಯಾರೋ ತಮ್ಮ ಒದ್ದೆ ಮೇಲಂಗಿಯನ್ನು ಒಣಗಲು ಹಾಕಿದ್ದರು. ಮಾರ್ಕ್ವಾರ್ಡ್ ದೂರದಿಂದಲೇ ಬಿಯರಿನ ಲೋಟ ಎತ್ತಿ ಥಿಯೆಮೊನ ಕಡೆ ತಲೆಯಾಡಿಸಿದ. ಅವನ ಕಣ್ಣಿನಲ್ಲಿ ನಿಜವಾದ ಗೌರವವಿತ್ತು. ಅದು ತಮಾಷೆಗಿಂತ ಹೆಚ್ಚು ಹಿಂಸೆಯಾಯಿತು. ಥಿಯೆಮೊ ತನ್ನ ತಟ್ಟೆಯ ಮೀನನ್ನು ನೋಡುತ್ತ ಕೂತ. ಬಾಗಿಲ ಹೊರಗೆ ಜೋರು ಜೋರು ಮಾತು ಕೇಳಿಸಿತು.

"ಇಲ್ಲ ಅಂದ್ರೆ ಇಲ್ಲ. ಅವರು ಸಂತರಾದ್ರು. ಹೋಗು" ಎನ್ನುತ್ತಿದ್ದ ಬಾಗಿಲು ಕಾಯುವ ವಿಪ್ರೆಕ್ಟ್.

"ಯಾವಾಗ ಆದ್ರು?"

"ಬೆಳಗ್ಗೆ."

"ಬೆಳಗ್ಗೆ ಆದ್ರೆ ಮದ್ಯಾನಕ್ಕೆ ಮೀನು ನಿಂತೋಯ್ತದಾ? ಹೊಟ್ಟೆಗೆ ಗೊತ್ತಾಗಕ್ಕಾದ್ರೂ ಒಂದಿನ ಬ್ಯಾಡ್ವಾ?"

ಥಿಯೆಮೊ ತಟ್ಟೆಯನ್ನು ಎತ್ತಿಕೊಂಡು ಎದ್ದ. ಊಟದ ಮನೆಯಿಂದ ತಟ್ಟೆಯನ್ನು ಹೊರಗೆ ಒಯ್ಯುವುದು ನಿಯಮಕ್ಕೆ ವಿರುದ್ಧ. ಅಕ್ಕಪಕ್ಕದವರು, ಎಲ್ಲಿಗೆ, ಎಂದು ತಲೆ ಎತ್ತಿದರು. ಹಲ್ಲು ಬಿದ್ದದ್ದಕ್ಕೆ ಅಡುಗೆಮನೆಗೆ, ಮೆತ್ತಗೆ ಮಾಡಿಸಿಕೊಂಡು ಬರಲು ಎಂದುಕೊಂಡರೋ ಏನೋ, ಮತ್ತೆ ತಿನ್ನತೊಡಗಿದರು. ಅವನು ವಿಪ್ರೆಕ್ಟನನ್ನು ಸರಿಸಿ ಅಂಗಳಕ್ಕೆ ಬಂದ. ಮಂಜು ಇನ್ನೂ ಕರಗಿರಲಿಲ್ಲ. ಬ್ರೂನಿಂಗ್ ಹೋಗುವುದಕ್ಕೆಂದು ತಿರುಗಿದ್ದ, ಆದರೆ ಹೋಗಿರಲಿಲ್ಲ. ತಟ್ಟೆ ಕಂಡು ಹಿಂದಿರುಗಿದ.

"ಕೂತ್ಕೊ" ಎಂದ ಥಿಯೆಮೊ. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯ ಜೊತೆ ಬಂತು. "ತಿನ್ನು."

ಮುದುಕ ಮೆಟ್ಟಿಲ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ರೊಟ್ಟಿ ಮುರಿಯಲಿಲ್ಲ. "ಯಾರ್ ಪಾಲಿದು?"

"ಯಾರದಾದರೇನು, ತಿನ್ನಪ್ಪ."

"ಹೆಸ್ರಿಲ್ದೆ ಹೆಂಗ್ ತಿನ್ನಾದು ಸ್ವಾಮಿ? ತಿಂದ್ಮ್ಯಾಕೆ ಯಾರ್‌ಗೋಸ್ಕರ ಅಂತ ಬೇಡ್ಕಳ್ಳಿ? ಬಿಸಪ್ಪರದಾ? ಅವ್ರಿಗೆ ಬ್ಯಾಡ್ವಂತಲ್ಲ. ಅವ ಹೇಳ್ದ."

"ಇದು ನನ್ನ ಪಾಲು."

"ನೀವಿನ್ನೂ ಸತ್ತಿಲ್ವಲ್ಲ" ಎಂದು ಬ್ರೂನಿಂಗ್ ಅವನನ್ನು ಮೇಲಿಂದ ಕೆಳಗೆ ನೋಡಿದ. ನೋಡಿ ಮೀನಿನ ಬೆನ್ನನ್ನು ಬೆರಳಿನಿಂದ ಒತ್ತಿದ. "ಇವತ್ತು ಚೆನ್ನಾಗಿ ಹಾಡಿದ್ರಿ. ಸೀಟಿ ಹೊಡೀತಿತ್ತು, ಆದ್ರೂವೆ. ಆ ಗಂಟ್ಲು ಎಲ್ಲಿ ಕೇಳಿದ್ರೂ ಗೊತ್ತಾಯ್ತದೆ ನಂಗೆ."

ಥಿಯೆಮೊ ಗೋಡೆಗೆ ಒರಗಿಕೊಂಡ. "ಯಾವಾಗಿಂದ ಗೊತ್ತು?"

"ಮೊದ್ಲಿಂದ್ಲೂ. ಮೊದ್ಲನೇ ವರ್ಸ ಇಲ್ಲಿ ಊಟಕ್ಕೆ ಕರೆದ್ರಲ್ಲ, ಪೂಜೇಲಿ ನೀವು ಬಾಯಿ ಬುಟ್ಟ ಕೂಡ್ಲೇ."

"ಯಾಕೆ ಹೇಳಲಿಲ್ಲ?"

"ಏನಂತ ಹೇಳಾದು? ಮೀನು ತಣ್ಗಾಯ್ತದೆ." ಅವನು ಮೂಗು ಒರೆಸಿಕೊಂಡ. ಹೇಳಬೇಕೆಂದೇನೂ ಇರಲಿಲ್ಲ, ಕೇಳಿದ್ದಕ್ಕೆ ಹೇಳುವವನಂತೆ ಮುಂದುವರಿಸಿದ. "ಯಾವಾಗ ತೆಗೀತೀರಾ ಅಂತ ಕೇಳಿದ್ಲಲ್ಲ, ಅವ್ಳು ನನ್ನೆಂಡ್ರು. ಲಿಯೂಬಾ ಅಂತ. ನೀವು ಎಲ್ಡನೇ ಸಲ ಕೂಗಿದ್ರಲ್ಲ ಸ್ವಾಮಿ, ಆಗ ನಾನು ಏಳು ಹೋಗಾನ ಅಂದೆ. ಅವ್ಳು ಬರ್ಲಿಲ್ಲ. ಆ ಗಂಟ್ಲು ಕೇಳು, ಎಷ್ಟು ಚೆನ್ನಾಗೈತೆ ಅಂದ್ಲು. ಇಗರ್ಜಿಯವ್ರೇ ಇರ್ಬೇಕು, ಅಂತೋರು ತೆಗೀದೆ ಇರ್ತಾರಾ, ಕೂತ್ಕೊ ಅಂದ್ಲು. ಅದ್ಕೇ ಕೂತ್ವಿ. ಬೆಳಗ್ಗೆ ಎದ್ದೋನು ನಾನೊಬ್ನೇ."

ಒಳಗಿನಿಂದ ನಗು ಕೇಳಿಸಿತು, ಲೋಟಗಳ ಸದ್ದು. ಥಿಯೆಮೊನಿಗೆ ಏನಾದರೂ ಹೇಳಬೇಕೆನಿಸಿತು. ಜೀವಮಾನವೆಲ್ಲ ಸತ್ತವರಿಗಾಗಿ, ಸಂತರಿಗಾಗಿ, ಮಳೆಗಾಗಿ, ರಾಜನಿಗಾಗಿ ಹಾಡಿದ ಲ್ಯಾಟಿನ್ನಿನ ಮಾತುಗಳು ಒಂದೊಂದಾಗಿ ಬಾಯಿಯವರೆಗೆ ಬಂದು ಹಿಂದಕ್ಕೆ ಹೋದವು. ಯಾವುದೂ ಈ ಮೆಟ್ಟಿಲಿಗೆ ಹೊಂದುವಂಥದ್ದಲ್ಲ. ತಾನು ದಣಿದಿದ್ದೇನೆ ಎನಿಸಿತು. ಆ ಚಳಿಗಾಲದಿಂದಲೂ ದಣಿದೇ ಇದ್ದೇನೆ ಎನಿಸಿತು.

"ಗೆರ್ವಿನ್ ಅಂತ ಹೇಳು" ಎಂದ. "ಬಿಷಪ್ ಅನ್ನಬೇಡ, ಸಂತ ಅನ್ನಬೇಡ, ಬರೀ ಗೆರ್ವಿನ್. ಅವರ ಮೇಲೆ ದೇವರು ಕರುಣೆ ಇಡಲಿ ಅನ್ನು. ಇನ್ನು ಅವರಿಗಾಗಿ ಕೇಳುವವರು ಬೇರೆ ಯಾರೂ ಇಲ್ಲ." ಬಾಗಿ ರೊಟ್ಟಿಯನ್ನು ಅವನ ಕಡೆ ಸರಿಸುತ್ತ, "ಅದರ ಜೊತೆ ಥಿಯೆಮೊ ಅಂತಲೂ ಸೇರಿಸು" ಎಂದ.

ಬ್ರೂನಿಂಗ್ ತಟ್ಟೆಯನ್ನು ನೋಡಿದ. "ಇಬ್ಬರ್‌ಗೂ ಸೇರಿ ಇದೊಂದೇ ಮೀನಾ?"

"ಒಂದೇ."

ಮುದುಕ ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ರೊಟ್ಟಿ ಮುರಿದು, ಮೀನಿನ ತಲೆಯ ಕಡೆಯಿಂದ ಶುರು ಮಾಡಿದ. ಥಂಡಿ ಒಳಗೆ ಬರುತ್ತಿದೆಯೆಂದು ಯಾರೋ ಗೊಣಗಿದ್ದಕ್ಕೆ ವಿಪ್ರೆಕ್ಟ್ ಹಿಂದಿನಿಂದ ಬಾಗಿಲು ಎಳೆದು ಅಗುಳಿ ಹಾಕಿಕೊಂಡ. ಥಿಯೆಮೊ ಹೊರಗೇ ಉಳಿದ. ತೊಟ್ಟಿದ್ದ ತೆಳುವಾದ ಅಂಗಿಯೊಳಗೆ ಚಳಿ ನುಗ್ಗಿತು. ತಿಂದು ಮುಗಿಸುವವರೆಗೆ ಪ್ರಾರ್ಥನೆಯಿಲ್ಲ, ಅದು ಪದ್ಧತಿ. ಬ್ರೂನಿಂಗ್ ಅವಸರ ಮಾಡುವವನಲ್ಲ. ಒಂದೊಂದು ತುತ್ತನ್ನೂ ಬಾಯಲ್ಲಿ ಆ ಕಡೆ ಈ ಕಡೆ ತಿರುಗಿಸಿ, ಮುಳ್ಳನ್ನು ತುಟಿಯ ತುದಿಗೆ ತಂದು, ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದ. ತಿಂದ ಮೇಲೆ ಹೇಳುತ್ತಾನೋ, ತಟ್ಟೆ ಕೊಟ್ಟು ಸುಮ್ಮನೆ ಎದ್ದು ಹೋಗುತ್ತಾನೋ. ಯಾವಾಗ, ಎಂದು ಕೇಳಲು ಥಿಯೆಮೊ ಬಾಯಿ ತೆರೆದವನು, ಆ ಮಾತನ್ನು ಹಾಗೇ ನುಂಗಿಕೊಂಡ.

ಬ್ರೂನಿಂಗ್ ತಲೆ ಎತ್ತದೆಯೇ ಹೇಳಿದ, "ನಿಂತಿರಿ ಸ್ವಾಮಿ. ಮುಳ್ಳು ಜಾಸ್ತಿ ಐತೆ."